ಮೀನಿನ ಹಾಗೆ ಐಸಿನಲ್ಲಿಟ್ಟ ಮದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಗಟು ಮಾರುಕಟ್ಟೆಯ ಬೆನ್ನಿಗಿರುವ ಐಸ್ ಕಾರ್ಖಾನೆಯ ತಗಡಿನ ಬಾಗಿಲು ಕಿರ್ರೆಂದು ಮೇಲೇರುತ್ತದೆ. ಒಳಗಿನ ಚಳಿ ಬಿಳಿ ಹಬೆಯಾಗಿ ನೆಲ ಸವರಿಕೊಂಡು ಬೀದಿಗೆ ಇಳಿಯುತ್ತದೆ. ಅದರ ಹಿಂದೆಯೇ ಆಳೆತ್ತರದ ಐಸಿನ ದಿಮ್ಮಿಯೊಂದು ಜಾರುಹಲಗೆಯ ಮೇಲೆ ಜರ್ರನೆ ಬಂದು, ತಗಡು ಹೊದಿಸಿದ ಮೇಜಿಗೆ ತಾಗಿ ನಿಲ್ಲುತ್ತದೆ. ಮೇಜಿನ ಆಚೆ ನಿಂತ ಹೆಂಗಸು ದಿಮ್ಮಿಯನ್ನು ಅಂಗೈಯಿಂದೊಮ್ಮೆ ತಟ್ಟಿ, ಬಗ್ಗಿ ಅದರೊಳಗಿನ ಗೆರೆಯನ್ನು ಹುಡುಕುತ್ತಾಳೆ. ಮೊನೆಯ ಸಲಾಕೆಯನ್ನು ಗೆರೆಯ ಮೇಲಿಟ್ಟು ಕುಟ್ಟುತ್ತಾಳೆ. ಎರಡು ಏಟು, ಮೂರು ಏಟು. ದಿಮ್ಮಿ ಸೀಳಿ ಎರಡು ಹೋಳಾಗಿ ಬೀಳುತ್ತದೆ.

"ನೋಡಿದ್ರಾ?" ಎನ್ನುತ್ತಾಳೆ, ಕೆಲಸ ನಿಲ್ಲಿಸದೆ. "ಜೋರಾಗಿ ಹೊಡೆದ್ರೆ ಪುಡಿಯಾಗುತ್ತೆ. ಅದು ಎಲ್ಲಿ ಒಡೀಬೇಕು ಅಂತಿದೆಯೋ ಅಲ್ಲಿ ಹೊಡೀಬೇಕು. ಗಂಡಸರಿಗೆ ಇದು ಬೇಗ ಅರ್ಥ ಆಗಲ್ಲ."

ಇವಳ ಹೆಸರು ಹೇಳಿ ಕೇಳಿದರೆ ಮಾರುಕಟ್ಟೆಯ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಐಸಕ್ಕ ಎಂದರೆ ಸಾಕು, ನಿದ್ದೆಗಣ್ಣಿನ ಹಮಾಲಿಯೂ ದಾರಿ ತೋರಿಸುತ್ತಾನೆ. ವಯಸ್ಸು ಐವತ್ತರ ಆಚೀಚೆ. ಗಂಡ ಲಾರಿ ಚಾಲಕ, ತಿಂಗಳಲ್ಲಿ ಅರ್ಧ ಪಾಲು ರಸ್ತೆಯ ಮೇಲೆಯೇ ಇರುತ್ತಾನೆ. ಮಗಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಮನೆಯಲ್ಲಿ ಜೊತೆಗಿರುವುದು ಎಂಬತ್ತು ದಾಟಿದ ಅತ್ತೆ. ಹಲ್ಲೆಲ್ಲ ಉದುರಿದರೂ ನಾಲಿಗೆಯ ಹರಿತ ಮಾತ್ರ ಒಂದಿಷ್ಟೂ ಕಡಿಮೆಯಾಗದ ಮುದುಕಿ.

ಐಸಕ್ಕನ ಮೇಜಿನ ಮುಂದೆ ಸೂರ್ಯ ಹುಟ್ಟುವ ಮೊದಲೇ ಸಾಲು ಬೆಳೆದಿರುತ್ತದೆ. ಸುಮಾರು ನಲವತ್ತು ದಿಮ್ಮಿ ಇವಳ ಕೈಯಲ್ಲಿ ಚೂರಾಗುವಷ್ಟರಲ್ಲಿ ಬೆಳಗಾಗುತ್ತದೆ. ಮೀನು ಮಾರುವವರಿಗೆ ಹುಡಿ ಐಸು ಬೇಕು, ಹೂವಿನ ವ್ಯಾಪಾರಿಗಳಿಗೆ ಗೋಲಿ ಗಾತ್ರದ್ದು, ಹಣ್ಣಿನ ರಸದ ಅಂಗಡಿಯವರಿಗೆ ಮುಷ್ಟಿ ಗಾತ್ರದ ಹರಳು. ದೂರದೂರಿಗೆ ಹೋಗುವ ಮೀನಿನ ಪೆಟ್ಟಿಗೆಗಳನ್ನು ತುಂಬುವುದೂ ಇವಳದೇ ಕೆಲಸ. ಅದಕ್ಕೊಂದು ಕ್ರಮವಿದೆ: ಕೆಳಗೆ ಮರದ ಹೊಟ್ಟು, ಅದರ ಮೇಲೆ ಉಪ್ಪು ಬೆರೆಸಿದ ಐಸು, ನಡುವೆ ಮೀನು, ಮತ್ತೆ ಉಪ್ಪಿನ ಐಸು, ಮೇಲೆ ಒದ್ದೆ ಗೋಣಿ. ಉಪ್ಪು ಬಿದ್ದರೆ ಐಸು ಮಾಮೂಲಿಗಿಂತ ತಣ್ಣಗಾಗುತ್ತದೆ. ಎರಡು ದಿನದ ದಾರಿಗೂ ಮೀನು ಕಲ್ಲಿನ ಹಾಗೆ ಉಳಿಯುತ್ತದೆ. "ನನ್ನ ಪೆಟ್ಟಿಗೆ ಬಿಚ್ಚಿ ಇವತ್ತಿನವರೆಗೆ ಯಾರೂ ಮೂಗು ಮುಚ್ಕೊಂಡಿಲ್ಲ" ಎಂಬುದು ಅವಳ ಹೆಗ್ಗಳಿಕೆ. ಈ ಹೆಗ್ಗಳಿಕೆಯೇ ಅವಳನ್ನು ಒಮ್ಮೆ ಪೇಚಿಗೆ ಸಿಲುಕಿಸಿತು. ಆ ಕಥೆಗೆ ಬರುವ ಮೊದಲು ಅವಳ ಕೈಯ ಕಥೆ ಹೇಳಬೇಕು.

ಹತ್ತಿರ ನಿಂತು ನೋಡಿದರೆ ಕಾಣುತ್ತದೆ. ಬಲಗೈಯ ಉಂಗುರಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ. ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿಗಳು. ಸಲಾಕೆಯ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ಸುತ್ತಿ ಅದನ್ನು ಮಣಿಕಟ್ಟಿನಷ್ಟು ದಪ್ಪ ಮಾಡಲಾಗಿದೆ. ಐಸಕ್ಕನಿಗಿರುವುದು ಸೋರಿಯಾಟಿಕ್ ಆರ್ಥ್ರೈಟಿಸ್. ಚರ್ಮದ ಸೋರಿಯಾಸಿಸ್ ಜೊತೆಗೆ ಕೀಲುಗಳಿಗೂ ಬರುವ ಉರಿಯೂತ. ಅವಳ ಬಾಯಲ್ಲಿ ಅದು "ಆ ಉದ್ದ ಹೆಸರಿಂದು".

ಶುರುವಾದದ್ದು ಮೊಣಕೈಯಿಂದ. ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಮೊಣಕೈಯ ಮೇಲೆ ಕೆಂಪು ತೇಪೆಗಳೆದ್ದು ಬೆಳ್ಳಗೆ ಹೊಪ್ಪಳೆ ಏಳತೊಡಗಿದವು. ಆಮೇಲೆ ತಲೆಯಲ್ಲಿ. ಯಾರೋ ಹೇಳಿದ ಎಣ್ಣೆ, ಇನ್ಯಾರೋ ಹೇಳಿದ ಸೋಪು, ಪಕ್ಕದ ಮನೆಯವಳು ಕೊಟ್ಟ ಮುಲಾಮು ಎಲ್ಲವೂ ಆದವು. ಉದ್ದ ತೋಳಿನ ರವಿಕೆ ಹಾಕಿ, ತಲೆಗೊಂದು ಬಟ್ಟೆ ಕಟ್ಟಿ ವರ್ಷಗಟ್ಟಲೆ ದೂಡಿದಳು. ಐಸ್ ಕಾರ್ಖಾನೆಯಲ್ಲಿ ತಲೆಗೆ ಬಟ್ಟೆ ಕಟ್ಟಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಅದೊಂದು ಅನುಕೂಲವಾಯಿತು.

ಆದರೆ ಬೆರಳುಗಳನ್ನು ಎಲ್ಲಿ ಬಚ್ಚಿಡುವುದು? ಒಂದು ಚಳಿಗಾಲ ಉಂಗುರಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡಿತು. ಉಂಗುರ ತೆಗೆಯಲು ಅಕ್ಕಸಾಲಿಗನ ಹತ್ತಿರ ಹೋಗಿ ಕತ್ತರಿಸಬೇಕಾಯಿತು. ಬೆಳಿಗ್ಗೆ ಎದ್ದರೆ ಕೈ ಮಡಚಲು ಬರುವುದಿಲ್ಲ, ಹಿಮ್ಮಡಿ ನೆಲಕ್ಕೆ ಊರಲು ಆಗುವುದಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದಳು. "ನಂಗೆ ಎಂಬತ್ತು. ಆದ್ರೆ ನಿನ್ನ ಕೀಲು ನನ್ನವಕ್ಕಿಂತ ಮುದಿಯಾಗಿದ್ಯಲ್ಲೇ" ಎನ್ನುತ್ತಿದ್ದಳು.

ಇಡೀ ಮಾರುಕಟ್ಟೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿತು: ಐಸು ಮುಟ್ಟಿ ಮುಟ್ಟಿ ಬಂದದ್ದು. ಐಸಕ್ಕನೂ ನಂಬಿದಳು. ಇಪ್ಪತ್ತು ವರ್ಷ ತುತ್ತು ಕೊಟ್ಟ ಐಸೇ ಕೈ ತಿಂದಿತಲ್ಲ ಎಂದು ಒಳಗೊಳಗೇ ಕುದಿದಳು. ಸಲಾಕೆ ಎರಡು ಸಲ ಕೈಜಾರಿ ಬಿದ್ದ ಮೇಲೆ ಮೇಸ್ತ್ರಿ ಅವಳನ್ನು ಮೇಜಿನಿಂದ ಎಬ್ಬಿಸಿ ಟೋಕನ್ ಕೊಡುವ ಕಿಟಕಿಗೆ ಕೂರಿಸಿದ. ಕುರ್ಚಿ, ಫ್ಯಾನು, ನೆರಳು, ಸಂಬಳವೂ ಮೊದಲಿನಷ್ಟೇ. ಬೇರೆಯವರಾದರೆ ಕೈ ಮುಗಿಯುತ್ತಿದ್ದರು. ಇವಳಿಗೆ ಮಾತ್ರ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. "ಮೇಜಿನ ಹತ್ರ ನಾನು ಐಸಕ್ಕ. ಕಿಟಕೀಲಿ ಕೂತ್ರೆ ಚೀಟಿ ಕೊಡೋ ಹೆಂಗಸು" ಎಂದು ಈಗಲೂ ಮುಖ ಸಿಂಡರಿಸುತ್ತಾಳೆ.

ಮೇಜು ಬಿಡುವ ಕೆಲವೇ ದಿನ ಮೊದಲು ಮೀನು ಮಾರುವ ಒಬ್ಬಳು ಇವಳ ಉಗುರು ನೋಡಿ, "ಇವಳ ಕೈಯಿಂದ ಬೇಡ, ಬೇರೆಯವರ ಹತ್ರ ಕೊಡ್ಸಿ" ಎಂದುಬಿಟ್ಟಳು. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಂಟುವ ರೋಗ ಅಲ್ಲ ಎಂದು ಹೇಳಲು ಐಸಕ್ಕನಿಗೇ ಆಗ ಗೊತ್ತಿರಲಿಲ್ಲ. ಮನೆಗೆ ಬಂದವಳು ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು.

ಆ ತಿಂಗಳುಗಳಲ್ಲಿ ಅವಳಿಗೆ ತೋಳೆತ್ತಿ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಒಂದು ದಿನ ಅತ್ತೆ ಬಾಚಣಿಗೆ ಹಿಡಿದು ಬಂದು ಹಿಂದೆ ಕೂತಳು. ಸೊಸೆ ಬೇಡವೆಂದಳು. ತಲೆತುಂಬ ಹೊಪ್ಪಳೆ, ಯಾರೂ ನೋಡದಿರಲಿ ಎಂದು ವರ್ಷಗಳಿಂದ ಬಟ್ಟೆ ಕಟ್ಟಿದ್ದ ತಲೆ. ಮುದುಕಿ ಬಟ್ಟೆ ಬಿಚ್ಚಿ, ಎಣ್ಣೆ ಸವರಿ, ನೋಯದ ಹಾಗೆ ನಿಧಾನ ಬಾಚಿ ಜಡೆ ಹಾಕಿದಳು. ಊರಿನ ಎಲ್ಲರ ಮೇಲೂ ಟೀಕೆ ಮಾಡುವ ನಾಲಿಗೆ ಆ ತಲೆಯ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಇದನ್ನು ಹೇಳುವಾಗ ಐಸಕ್ಕನ ಕಣ್ಣು ತುಂಬುತ್ತದೆ. "ನಮ್ಮಮ್ಮ ಇದ್ದಿದ್ರೂ ಹಾಗೆ ಬಾಚ್ತಿದ್ಲೋ ಇಲ್ವೋ" ಎನ್ನುತ್ತಾಳೆ.

ಮಗಳ ಒತ್ತಾಯಕ್ಕೆ ಕೊನೆಗೂ ದೊಡ್ಡಾಸ್ಪತ್ರೆಗೆ ಹೋದಳು. ಕೀಲಿನ ಡಾಕ್ಟರು ಊದಿದ ಬೆರಳಿಗಿಂತ ಹೆಚ್ಚಾಗಿ ಉಗುರು ನೋಡಿದರು, ತೋಳು ಮೇಲೇರಿಸಿ ಮೊಣಕೈ ನೋಡಿದರು. ಎರಡಕ್ಕೂ ಬೇರು ಒಂದೇ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಮೈಮೇಲೆ ಬಿದ್ದಿದೆ, ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ಚೋಕೆ ಶುರು ಮಾಡಿದ ಹಾಗೆ ಎಂದು ಬಿಡಿಸಿ ಹೇಳಿದರು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪೂರ್ತಿ ಹೋಗುವುದೂ ಇಲ್ಲ, ಆದರೆ ಹತೋಟಿಯಲ್ಲಿ ಇಡಬಹುದು. ಐಸಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಐಸಿಂದ ಬಂದಿದ್ದಾ?" ಅಲ್ಲ ಎಂದರು ಡಾಕ್ಟರು. ಚಳಿಗೆ ನೋವು ಎದ್ದು ಕಾಣಬಹುದು, ಕಾಯಿಲೆ ತಂದದ್ದು ಐಸಲ್ಲ.

"ಅಷ್ಟು ಕೇಳಿದ್ದಕ್ಕೇ ಅರ್ಧ ನೋವು ಇಳೀತು" ಎನ್ನುತ್ತಾಳೆ. "ಐಸಿನ ಮೇಲೆ ಸುಮ್ನೆ ಅಪವಾದ ಹೊರಿಸಿದ್ವಲ್ಲ ಅನ್ನಿಸ್ತು." ಅಂದು ಸಂಜೆಯೇ ಮಗಳ ಮನೆಗೆ ಹೋಗಿ ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಳು. ಮಗು ಅವಳ ಉಗುರಿನ ಕುಳಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು, ಆಮೇಲೆ ಬೇಸರ ಬಂದು ಇಳಿದುಹೋಯಿತು.

ಮೊದಲು ಮಾತ್ರೆ ಕೊಟ್ಟರು. ವಾರಕ್ಕೆ ಒಂದೇ ದಿನ ನುಂಗುವಂಥದ್ದು. ನುಂಗಿದ ಮರುದಿನವೆಲ್ಲ ಹೊಟ್ಟೆ ತೊಳಸುತ್ತಿತ್ತು. ಆದರೂ ತಿಂಗಳುಗಟ್ಟಲೆ ಬಿಡದೆ ತೆಗೆದುಕೊಂಡಳು. ತಲೆಯ ಹೊಪ್ಪಳೆ ತಗ್ಗಿತು, ಬೆರಳು ಮಾತ್ರ ಜಗ್ಗಲಿಲ್ಲ. ಆಗ ಡಾಕ್ಟರು ಹದಿನೈದು ದಿನಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಬಗ್ಗೆ ಹೇಳಿದರು. ಐಸಕ್ಕ ಬೇಡವೆಂದಳು. ಅವಳ ಪ್ರಕಾರ ಮಾತ್ರೆ ಎಂದರೆ ಕಾಯಿಲೆ, ಸೂಜಿ ಎಂದರೆ ಕೊನೆಯ ಹಂತ. ಅತ್ತೆಯೂ ಒಗ್ಗರಣೆ ಹಾಕಿದಳು: "ಒಂದ್ಸಲ ಚುಚ್ಚಿಸ್ಕೊಂಡ್ರೆ ಮೈ ಅದನ್ನೇ ಕೇಳುತ್ತೆ. ಎದುರು ಮನೆ ಮುದುಕ ಹಾಗೇ ಹೋದ."

"ಅವ್ರಿಗೆ ತೊಂಬತ್ತೈದು ಆಗಿತ್ತಲ್ಲ ಅತ್ತೆ."

"ಆಗಿದ್ರೇನು? ಸೂಜಿ ಇಲ್ದಿದ್ರೆ ನೂರು ಮಾಡ್ತಿದ್ದ."

ಹಿಂದೆಮುಂದೆ ನೋಡುತ್ತಿದ್ದವಳನ್ನು ಕೊನೆಗೆ ತಳ್ಳಿದ್ದು ಬೇಸಿಗೆ. ಬಿಸಿಲು ಏರಿದರೆ ಐಸಿನ ಬೇಡಿಕೆ ದುಪ್ಪಟ್ಟಾಗುತ್ತದೆ. ಮೇಸ್ತ್ರಿ ಕೆಟ್ಟವನಲ್ಲ, ಆದರೆ ಕಡ್ಡಿ ಮುರಿದಂತೆ ಮಾತಾಡುವವನು. "ಬೇಸಿಗೆ ಹೊತ್ತಿಗೆ ಮೇಜಿಗೆ ಗಟ್ಟಿ ಕೈ ಬೇಕು. ನಿನ್ನ ಕೈ ಗಟ್ಟಿಯಾದ್ರೆ ನೀನು. ಇಲ್ಲ ಅಂದ್ರೆ ಬೇರೆಯವರನ್ನ ಕಾಯಂ ಮಾಡ್ಬಿಡ್ತೀನಿ, ಆಮೇಲೆ ಎಬ್ಬಿಸೋಕಾಗಲ್ಲ" ಎಂದ. ಅದರರ್ಥ ಇಷ್ಟೇ: ಈ ಬೇಸಿಗೆಗೆ ಬರದಿದ್ದರೆ ಮೇಜು ಶಾಶ್ವತವಾಗಿ ಕೈಬಿಟ್ಟ ಹಾಗೆ. ಐಸಕ್ಕ ರಕ್ತ ಪರೀಕ್ಷೆ, ಎದೆಯ ಫೋಟೋ ಎಲ್ಲ ಮುಗಿಸಿ, ಕಣ್ಣು ಮುಚ್ಚಿಕೊಂಡು ತೋಳು ಒಡ್ಡಿದಳು. ಇಂಜೆಕ್ಷನ್ ಕೋಣೆಯ ಸಿಸ್ಟರ್ ನಕ್ಕು, "ತೋಳಿಗಲ್ಲ ಅಮ್ಮಾ, ತೊಡೆಗೆ. ಕಣ್ಣು ಬಿಡಿ, ಆಗ್ಲೇ ಮುಗೀತು" ಎಂದರು.

ಆ ಸಿಸ್ಟರ್ ಐಸಕ್ಕನಿಗಿಂತ ಹತ್ತು ವರ್ಷ ಚಿಕ್ಕವರು. ಕನ್ನಡಕ ಸದಾ ಮೂಗಿನ ತುದಿಯಲ್ಲಿರುತ್ತದೆ. ಯಾರು ಎಷ್ಟು ಸಲ ಕೇಳಿದರೂ ಮೊದಲ ಸಲ ಕೇಳಿದ ಹಾಗೆಯೇ ಉತ್ತರ ಕೊಡುತ್ತಾರೆ. ಮೊದಲ ಮೂರು ಇಂಜೆಕ್ಷನ್ ಅವರೇ ಕೊಟ್ಟರು. ಮೂರನೆಯದಾದ ಮೇಲೆ ಒಂದು ಮುಂಜಾನೆ ಐಸಕ್ಕ ಬಚ್ಚಲಿನ ನಲ್ಲಿ ತಿರುಗಿಸಿ ಮುಖ ತೊಳೆದು ಹೊರಗೆ ಬಂದಳು. ಒಲೆಯ ಮುಂದೆ ನಿಂತ ಮೇಲೆ ಹೊಳೆಯಿತು: ನಲ್ಲಿಯನ್ನು ತಿರುಗಿಸಿದ್ದು ಅವಳದೇ ಕೈ. ಎರಡು ವರ್ಷದಿಂದ ಅದನ್ನು ಅತ್ತೆ ತಿರುಗಿಸಿ ಕೊಡುತ್ತಿದ್ದಳು. ವಾಪಸು ಹೋಗಿ ನಲ್ಲಿ ನಿಲ್ಲಿಸಿದಳು, ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. "ನೀರು ಯಾಕೆ ಹಾಳು ಮಾಡ್ತಿದೀಯೇ?" ಎಂದು ಒಳಗಿನಿಂದ ಕೂಗು ಬಂತು.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಮುಂದಿನ ಹೆಜ್ಜೆ, ಮನೆಯಲ್ಲಿ ತಾನೇ ಚುಚ್ಚಿಕೊಳ್ಳುವುದು. ಮದ್ದು ತುಂಬಿದ ಎರಡು ಪೆನ್ನುಗಳನ್ನು ಸಿಸ್ಟರ್ ಕೈಗಿಟ್ಟರು. ಬರೆಯುವ ಪೆನ್ನಿಗಿಂತ ಸ್ವಲ್ಪ ದಪ್ಪ, ಒಳಗೆ ಸೂಜಿ ಅಡಗಿರುತ್ತದೆ. "ಮುಂದಿನ ಸಲ ಇವನ್ನ ತಗೊಂಡು ಬನ್ನಿ, ನನ್ನೆದುರಿಗೇ ಹಾಕ್ಕೊಂಡು ಕಲೀರಿ. ಅಲ್ಲೀವರೆಗೆ ತಣ್ಣಗಿಡಿ. ಬಿಸಿ ತಾಗಿದ್ರೆ ಮದ್ದು ಕೆಟ್ಟುಹೋಗುತ್ತೆ, ಹುಷಾರು" ಎಂದರು.

ತಣ್ಣಗಿಡಿ ಎಂದು ಹೇಳಿದ್ದು ಯಾರಿಗೆ? ಐಸಕ್ಕನಿಗೆ! ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಮನೆಯಲ್ಲೊಂದು ಹಳೆಯ ಫ್ರಿಜ್ಜು ಇತ್ತು. ಆದರೆ ಅದರ ಮೇಲೆ ಅವಳಿಗೆ ಎಳ್ಳಷ್ಟೂ ಭರವಸೆ ಇರಲಿಲ್ಲ. ಅವಳ ಕಣ್ಣಿಗೆ ಅದು ದೀಪ ಇರುವ ಬೀರು. ಇಷ್ಟು ಬೆಲೆಬಾಳುವ ಮದ್ದನ್ನು, ಸಿಸ್ಟರ್ ನಂಬಿ ಕೊಟ್ಟದ್ದನ್ನು, ಅಂಥದರಲ್ಲಿ ಇಡುವುದೇ? ಸೀದಾ ಕಾರ್ಖಾನೆಗೆ ಹೋದಳು. ಒಂದು ಸಣ್ಣ ಪೆಟ್ಟಿಗೆ ಆರಿಸಿದಳು. ಕೆಳಗೆ ಹೊಟ್ಟು, ಮೇಲೆ ಉಪ್ಪು ಬೆರೆಸಿದ ಹುಡಿ ಐಸು, ನಡುವೆ ಎರಡು ಪೆನ್ನು, ಮತ್ತೆ ಉಪ್ಪಿನ ಐಸು, ಮೇಲೆ ಒದ್ದೆ ಗೋಣಿ. ಪೆಟ್ಟಿಗೆಯನ್ನು ದಿಮ್ಮಿಗಳ ಕೋಣೆಯ ತೀರಾ ಒಳಮೂಲೆಗೆ ಸೇರಿಸಿದಳು. ದಿನಕ್ಕೊಮ್ಮೆ ಹೋಗಿ ಹೊಸ ಐಸು ತುಂಬಿದಳು. ದೂರದೂರಿಗೆ ಹೋಗುವ ಅತಿ ದುಬಾರಿ ಮೀನಿಗೂ ಅವಳು ಅಷ್ಟು ಅಕ್ಕರೆ ತೋರಿಸಿರಲಿಕ್ಕಿಲ್ಲ.

ಹೇಳಿದ ದಿನ ಪೆಟ್ಟಿಗೆ ಹೊತ್ತು ಆಸ್ಪತ್ರೆಗೆ ಹೋದಳು. ಕೋಣೆಯ ನೆಲದ ಮೇಲೆ ಹೊಟ್ಟು ಉದುರುವ ಹಾಗೆ ಗೋಣಿ ಬಿಚ್ಚಿ, ಪೆನ್ನು ತೆಗೆದು ಹೆಮ್ಮೆಯಿಂದ ಮುಂದೆ ಹಿಡಿದಳು. ಸಿಸ್ಟರ್ ಮುಟ್ಟಿ ಕೈ ಹಿಂದಕ್ಕೆಳೆದರು. ಪೆನ್ನಿನ ಪುಟ್ಟ ಕಿಟಕಿಯಲ್ಲಿ ತಿಳಿನೀರಿನಂತೆ ಕಾಣಬೇಕಾದ ಮದ್ದು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.

"ಎಲ್ಲಿಟ್ಟಿದ್ರಿ ಇದನ್ನ?"

ಐಸಕ್ಕ ಹೊಟ್ಟಿನಿಂದ ಹಿಡಿದು ಗೋಣಿಯವರೆಗೆ ಎಲ್ಲವನ್ನೂ ವಿವರಿಸಿದಳು. ಉಪ್ಪು ಹಾಕಿದರೆ ಐಸು ಇನ್ನೂ ತಣ್ಣಗಾಗುತ್ತದೆ ಎಂಬ ಗುಟ್ಟನ್ನೂ ಬಿಟ್ಟುಕೊಟ್ಟಳು.  ಸಿಸ್ಟರ್ ಕನ್ನಡಕ ತೆಗೆದು, "ಐಸಕ್ಕಾ, ಇದು ಮೀನಲ್ಲ" ಎಂದರು. ಇಬ್ಬರಿಗೂ ತಡೆಯಲಾರದ ನಗು ಬಂತು. ಹೆಪ್ಪುಗಟ್ಟಿದರೆ ಈ ಮದ್ದು ಸತ್ತಂತೆ, ಕರಗಿಸಿದರೂ ಉಪಯೋಗವಿಲ್ಲ, ಎರಡನ್ನೂ ಎಸೆಯಬೇಕು ಎಂದು ಸಿಸ್ಟರ್ ತಿಳಿಸಿ ಹೇಳಿದಾಗ ನಗು ಅಲ್ಲೇ ನಿಂತಿತು. ಐಸಕ್ಕ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಬೈಗುಳ ಬೀಳುತ್ತದೆ ಎಂದು ಕಾದಳು, ಬೀಳಲಿಲ್ಲ. ಸಿಸ್ಟರ್ ಪಕ್ಕದಲ್ಲಿ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು. "ತಣ್ಣಗಿಡಿ ಅಂದೆ. ಎಷ್ಟು ತಣ್ಣಗೆ ಅಂತ ಹೇಳ್ಲಿಲ್ಲ. ನೀವು ಏನ್ ಕೆಲಸ ಮಾಡ್ತೀರಿ ಅಂತ ಗೊತ್ತಿದ್ದೂ ಹೇಳ್ಲಿಲ್ಲ. ತಪ್ಪು ನಂದು" ಎಂದರು. ಆ ಮಾತನ್ನು ಐಸಕ್ಕ ಇವತ್ತಿಗೂ ಮರೆತಿಲ್ಲ. "ಅಷ್ಟು ಓದಿದವರು, ಅಷ್ಟು ಬೆಲೆ ಬಾಳೋದನ್ನ ನಾನು ಹಾಳು ಮಾಡಿದ್ರೂ, ತಪ್ಪು ನಂದು ಅಂದ್ರು. ನಮ್ಮ ಕಡೆ ಒಂದು ಬುಟ್ಟಿ ಐಸು ಕರಗಿದ್ರೂ ಮೂರು ತಲೆಮಾರು ಎತ್ತಿ ಬೈತಾರೆ" ಎನ್ನುತ್ತಾಳೆ.

ಹೊಸ ಪೆನ್ನು ಬರಲು ವಾರಗಳು ಹಿಡಿಯುತ್ತವೆ ಎಂದರು. ಇಳಿದಿದ್ದ ಬೆರಳು ಮೆಲ್ಲಗೆ ಮತ್ತೆ ಊದತೊಡಗಿತು. ಇನ್ನೊಂದು ಕಡೆ ಬಿಸಿಲು ಏರತೊಡಗಿತು. ಅದಕ್ಕಿಂತ ಕೆಟ್ಟದ್ದು, ಐಸಕ್ಕನ ಮನಸ್ಸು ಕುಸಿದದ್ದು. ಇಷ್ಟು ನಾಜೂಕಿನ ಮದ್ದು ತನ್ನಂಥವಳಿಗಲ್ಲ, ಮತ್ತೆ ಕೊಟ್ಟರೂ ಮತ್ತೆ ಕೆಡಿಸುತ್ತೇನೆ, ಹೋಗುವುದೇ ಬೇಡ ಎಂದು ಕೂತುಬಿಟ್ಟಳು. ಪೆನ್ನು ಬಂದಿದೆ ಎಂದು ಆಸ್ಪತ್ರೆಯಿಂದ ಫೋನು ಬಂದರೂ ಏಳಲಿಲ್ಲ. ಜಡೆ ಹಾಕುತ್ತಿದ್ದ ಅತ್ತೆ ಬಾಚಣಿಗೆಯ ಹಿಂಬದಿಯಿಂದ ತಲೆಗೊಂದು ಕುಟ್ಟಿದಳು.

"ಈ ಮನೆಗೆ ಬಂದ ಮೊದಲನೇ ದಿನ ಏನ್ ಮಾಡಿದ್ದೆ ನೆನಪಿದ್ಯಾ? ಅನ್ನ ಸೀಯಿಸಿದ್ದೆ. ಪಾತ್ರೆ ಸಮೇತ."

"ಅದಕ್ಕೂ ಇದಕ್ಕೂ ಏನು ಅತ್ತೆ?"

"ಆಮೇಲೆ ಮೂವತ್ತು ವರ್ಷ ನಾವೇನು ಉಪವಾಸ ಇದ್ವಾ? ನೀನೇ ತಾನೆ ಬೇಯಿಸಿ ಹಾಕಿದ್ದು? ಏಳು, ಹೋಗಿ ತಗೊಂಡು ಬಾ."

ಸೂಜಿ ಬೇಡವೆಂದು ಎದುರು ಮನೆಯ ಮುದುಕನ ಉದಾಹರಣೆ ಕೊಟ್ಟಿದ್ದ ಅದೇ ಅತ್ತೆ! ಸೊಸೆ ಎದ್ದು ಹೋದಳು.

ಈ ಸಲ ಸಿಸ್ಟರ್ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಫ್ರಿಜ್ಜಿನ ನಡುವಿನ ತಟ್ಟೆ. ಹಿಂಗೋಡೆಗೆ ತಾಗಬಾರದು, ಬಾಗಿಲಿನ ಅರೆಯೂ ಬೇಡ, ಮೇಲಿನ ಐಸಿನ ಗೂಡಂತೂ ಬೇಡವೇ ಬೇಡ. ಚುಚ್ಚಿಕೊಳ್ಳುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಟ್ಟು, ತಾನಾಗಿಯೇ ಚಳಿ ಬಿಡಲು ಕಾಯಬೇಕು. ಜ್ವರವಿದ್ದರೆ ಮೊದಲು ಫೋನು ಮಾಡಿ ಕೇಳಬೇಕು. ಹಳೆಯ ಫ್ರಿಜ್ಜಿನ ಮೇಲಿನ ಅಪನಂಬಿಕೆಗೆ ಮದ್ದು ಕೊಟ್ಟವನು ಕಾರ್ಖಾನೆಯಲ್ಲಿ ದಿಮ್ಮಿ ಕೊಯ್ಯುವ ಗರಗಸದಣ್ಣ. ಅವನು ಕೋಲ್ಡ್ ರೂಮಿನ ಹಳೆಯ ಥರ್ಮಾಮೀಟರ್ ಒಂದನ್ನು ತಂದು ಫ್ರಿಜ್ಜಿನೊಳಗೆ ತೂಗುಹಾಕಿದ. ಸಲಾಕೆಯ ಹಿಡಿಗೆ ಟ್ಯೂಬು ಸುತ್ತಿ ದಪ್ಪ ಮಾಡಿಕೊಟ್ಟವನೂ ಅವನೇ. ಹಿಡಿ ದಪ್ಪವಾದರೆ ಬೆರಳು ಪೂರ್ತಿ ಮಡಚಬೇಕಿಲ್ಲ. "ನಂಗೆ ಮಾತು ಬರಲ್ಲ, ಅದಕ್ಕೆ ಟ್ಯೂಬು ಸುತ್ತಿದೆ" ಎಂದಷ್ಟೇ ಹೇಳಿದನಂತೆ.

ಮನೆಯಲ್ಲಿ ಮೊದಲ ಸಲ ತಾನೇ ಚುಚ್ಚಿಕೊಂಡ ದಿನವನ್ನು ಅತ್ತೆ ಸೊಸೆ ಇಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದು ವರ್ಣಿಸುತ್ತಾರೆ. ಪೆನ್ನನ್ನು ಮೇಜಿನ ಮೇಲಿಟ್ಟು ಇಬ್ಬರೂ ಎದುರುಬದುರು ಕೂತರು. ಜೀವಮಾನವಿಡೀ ಯಾವುದನ್ನೂ ಚಳಿ ಬಿಡಗೊಡದೆ ಕಾದವಳಿಗೆ ಆ ಅರ್ಧ ಗಂಟೆ ಯುಗವಾಯಿತು. "ಕೈ ತಾನಾಗೇ ಐಸು ಹುಡುಕ್ತಿತ್ತು" ಎಂದು ನಗುತ್ತಾಳೆ. ಹೊತ್ತಾದ ಮೇಲೆ ತೊಡೆ ಒರೆಸಿ, ಪೆನ್ನು ಒತ್ತಿದಳು. ಟಿಕ್ ಎಂದಿತು. ಸಿಸ್ಟರ್ ಹೇಳಿದಂತೆ ಎತ್ತದೆ ಹಿಡಿದಳು, ಇನ್ನೊಮ್ಮೆ ಟಿಕ್ ಎಂದಿತು. 

"ಇಷ್ಟೇನಾ?" ಎಂದಳು ಅತ್ತೆ, ನಾಟಕ ಬೇಗ ಮುಗಿದ ಬೇಸರದಲ್ಲಿ.

ಬೆರಳು ಒಂದೇ ದಿನಕ್ಕೆ ಮಾತು ಕೇಳಲಿಲ್ಲ. ಬೇಸಿಗೆ ಬಂದೇ ಬಂತು. ಮೇಸ್ತ್ರಿ ಹೊಸಬನೊಬ್ಬನನ್ನು ಕರೆತಂದು ಮೇಜಿಗೆ ನಿಲ್ಲಿಸಿಯೂ ಬಿಟ್ಟ. ಗರಗಸದಣ್ಣ ಅಪರೂಪಕ್ಕೆ ಬಾಯಿಬಿಟ್ಟು, "ಕಾಯಂ ಮಾಡ್ಬೇಡಿ. ಸ್ವಲ್ಪ ತಡೀರಿ" ಎಂದ. ಹೊಸಬ ಬಲಶಾಲಿ, ಹೊಡೆದ ಹೊಡೆತಕ್ಕೆ ದಿಮ್ಮಿಗಳೆಲ್ಲ ಪುಡಿಪುಡಿ. ಹೂವಿನವರು ಗೊಣಗಿದರು, ರಸದ ಅಂಗಡಿಯವರು ಬುಟ್ಟಿ ವಾಪಸು ತಂದರು. ಇನ್ನೆರಡು ಇಂಜೆಕ್ಷನ್ ಆಗುವಷ್ಟರಲ್ಲಿ ಐಸಕ್ಕನ ಮುಷ್ಟಿ ಮಡಚತೊಡಗಿತು. ಒಂದು ಬೆಳಿಗ್ಗೆ ಕಿಟಕಿಯ ಕುರ್ಚಿ ಬಿಟ್ಟೆದ್ದು ಬಂದು, ದಪ್ಪ ಹಿಡಿಯ ಸಲಾಕೆ ತೆಗೆದುಕೊಂಡು, ಸಾಲಿನಲ್ಲಿದ್ದ ಎಲ್ಲರ ಎದುರು ಒಂದು ದಿಮ್ಮಿ ಸೀಳಿದಳು. ಮೇಸ್ತ್ರಿ ಎರಡು ಹೋಳನ್ನೂ ತಿರುಗಿಸಿ ನೋಡಿದ. "ಹಾಗಾದ್ರೆ ಟೋಕನ್‌ಗೆ ಯಾರನ್ನ ಕೂರಿಸ್ಲಿ?" ಎಂದು ರೇಗಿದ. ಅದೇ ಅವನ ಸ್ವಾಗತ ಭಾಷಣ.

ಈಗ ಐಸಕ್ಕ ಮೇಜಿಗೆ ಬಂದು ಎರಡನೆಯ ಬೇಸಿಗೆ ನಡೆಯುತ್ತಿದೆ. ಎಲ್ಲವೂ ವಾಸಿಯಾಯಿತು ಎಂದು ಅವಳೂ ಹೇಳುವುದಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ಉಂಗುರಬೆರಳು ಸೊಟ್ಟಗೇ ಉಳಿದಿದೆ. ಕೆಲವು ಬೆಳಗು ಹಿಮ್ಮಡಿ ಮುನಿಯುತ್ತದೆ. ಭಾರದ ದಿಮ್ಮಿಯನ್ನು ಗರಗಸದಣ್ಣನೇ ತಳ್ಳಿಕೊಡಬೇಕು. ಆಗಾಗ ರಕ್ತ ಪರೀಕ್ಷೆಗೆ ಹೋಗಬೇಕು. ಅಂದು ಇವಳ ಕೈಯಿಂದ ಐಸು ಬೇಡವೆಂದವಳು ಈಗಲೂ ಪಕ್ಕದ ಮೇಜಿಗೇ ಹೋಗುತ್ತಾಳೆ. "ಹೋಗ್ಲಿ ಬಿಡಿ, ಎರಡೂ ಮೇಜಿಗೆ ಬರೋದು ಒಂದೇ ನೀರು" ಎಂದು ಐಸಕ್ಕ ತಲೆ ಕೊಡವುತ್ತಾಳೆ. ಆ ತಲೆಗೆ ಈಗ ಬಟ್ಟೆ ಇಲ್ಲ. ರವಿಕೆಯ ತೋಳೂ ಗಿಡ್ಡವಾಗಿದೆ. ಜಡೆ ತಾನೇ ಹಾಕಿಕೊಳ್ಳಬಲ್ಲಳು, ಆದರೂ ರಜೆಯ ದಿನ ಅತ್ತೆಯ ಮುಂದೆ ಹೋಗಿ ಕೂರುತ್ತಾಳೆ.

ಇಂಜೆಕ್ಷನ್ ಕೋಣೆಗೆ ಈಗ ಅವಳು ಹೋಗಬೇಕಾದದ್ದು ಪೆನ್ನು ತರಲು ಮಾತ್ರ. ಕೆಲಸ ಮುಗಿಸಿ ಹೋದರೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೇ ಬರುತ್ತಾಳೆ. ಹೊಸಬರು ಇರುತ್ತಾರೆ, ಹೆದರಿರುತ್ತಾರೆ. ಮೊನ್ನೆ ಚಪ್ಪಲಿ ಹೊಲಿಯುವ ಹೆಂಗಸೊಬ್ಬಳು ಮೊದಲ ಸೂಜಿಗೆ ಬಂದಿದ್ದಳು. ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು, ನೋಯುತ್ತದೆಯೇ ಎಂದು ಕೇಳಿದಳು.

"ನೋಯುತ್ತೆ" ಎಂದಳು ಐಸಕ್ಕ. "ಇರುವೆ ಕಚ್ಚಿದಷ್ಟು. ಅದು ಬಂದು ಹೋಗೋ ನೋವು. ನಿಮ್ಮ ಹೆಬ್ಬೆರಳಲ್ಲಿ ಇರೋದು ಬಂದು ಕೂತಿರೋ ನೋವು. ಯಾವುದು ಬೇಕು ನೋಡಿ."

"ಎಷ್ಟು ದಿನ ಹಾಕ್ಕೋಬೇಕು?"

"ಊಟ ಎಷ್ಟು ದಿನ ಮಾಡ್ಬೇಕು ಅಂತ ಯಾರಾದ್ರೂ ಕೇಳ್ತಾರಾ? ಹಸಿವಿರೋವರೆಗೆ. ಹಾಗೇ ಅಂದ್ಕೊಳ್ಳಿ."

ಅಷ್ಟರಲ್ಲಿ ಒಳಗಿನಿಂದ ಆ ಹೆಂಗಸಿಗೆ ಕರೆ ಬಂತು. ಬಾಗಿಲು ಅರ್ಧ ತೆರೆದೇ ಇತ್ತು. ಸಿಸ್ಟರ್ ಅವಳ ಹೆಸರು, ವಯಸ್ಸು ಯಾವುದನ್ನೂ ಕೇಳಲಿಲ್ಲ. ಮೊದಲು ಕೇಳಿದ್ದು, "ನೀವು ಏನ್ ಕೆಲಸ ಮಾಡ್ತೀರಿ? ಎಲ್ಲಿ ಕೂತು ಮಾಡ್ತೀರಿ?" ಬೀದಿಬದಿಯಲ್ಲಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತೇನೆ ಎಂದಳು ಅವಳು. ಬೆಲೆಬಾಳುವುದನ್ನೆಲ್ಲ ಆ ಪೆಟ್ಟಿಗೆಯಲ್ಲೇ ಬೀಗ ಹಾಕಿ ಇಡುವುದಂತೆ. "ಪೆನ್ನು ಮಾತ್ರ ಆ ಪೆಟ್ಟಿಗೇಲಿ ಇಡ್ಬೇಡಿ. ಬಿಸಿಲಿಗೆ ತಗಡು ಕಾದು ಮದ್ದು ಬೆಂದುಹೋಗುತ್ತೆ. ಎಷ್ಟು ತಣ್ಣಗಿರಬೇಕು ಅಂತ ಹೇಳ್ತೀನಿ, ಕೂತ್ಕೊಳ್ಳಿ" ಎಂದು ಸಿಸ್ಟರ್ ಶುರು ಮಾಡಿದರು.

ಈಗ ಅಲ್ಲಿ ಎಲ್ಲರಿಗೂ ಮೊದಲ ಪ್ರಶ್ನೆ ಅದೇ. ಬ್ರೆಡ್ಡಿನ ಭಟ್ಟಿಯವನಿಗೂ, ಬಸ್ಸು ಓಡಿಸುವವನಿಗೂ. ಈ ಪದ್ಧತಿ ಯಾವಾಗಿನಿಂದ ಬಂತು ಎಂದು ಕೇಳಿದರೆ ಸಿಸ್ಟರ್ ಕನ್ನಡಕದ ಮೇಲಿನಿಂದ ಬೆಂಚಿನ ಕಡೆ ನೋಡಿ ನಗುತ್ತಾರೆ. ಐಸಕ್ಕ ನಾಚಿ ಸೆರಗು ಸರಿಮಾಡಿಕೊಳ್ಳುತ್ತಾಳೆ.

"ನಾನು ಮೂರನೇ ಕ್ಲಾಸು ದಾಟಿದವಳಲ್ಲ" ಎನ್ನುತ್ತಾಳೆ. "ಯಾವ ಪಾಠನೂ ನೆಟ್ಟಗೆ ಒಪ್ಪಿಸ್ಲಿಲ್ಲ. ಈಗ ನೋಡಿ, ನಾನು ಮಾಡಿದ ತಪ್ಪನ್ನೇ ಅಷ್ಟು ದೊಡ್ಡ ಆಸ್ಪತ್ರೇಲಿ ಪಾಠ ಮಾಡ್ಕೊಂಡಿದಾರೆ."